ಕಡ್ಡಿ ತುಂಬಿದೆ, ನೆಟ್ ಇಲ್ಲ: ಕಬ್ಬಿನ ಗದ್ದೆಯ ನಡುವಿನ ಮನೆಗೆ ಯಾವ ಸಂಪರ್ಕ?

ಪ್ರಶ್ನೆ: "ನಮ್ಮದು ಪಾಂಡವಪುರ ತಾಲ್ಲೂಕಿನ ಹಳ್ಳಿ. ಊರಿನಿಂದ ಅರ್ಧ ಕಿಲೊಮೀಟರ್ ಆಚೆ, ಗದ್ದೆಯ ನಡುವೆ ಮನೆ, ಪಕ್ಕದಲ್ಲೇ ಆಲೆಮನೆ. ಮಗಳು ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾಳೆ, ಬಾಣಂತನ ಮುಗಿದ ಮೇಲೆ ಇಲ್ಲಿಂದಲೇ ಕೆಲಸ ಮಾಡುತ್ತಿದ್ದಾಳೆ. ಮೊಬೈಲಿನಲ್ಲಿ 5ಜಿ ಎಂದು ತೋರಿಸುತ್ತದೆ, ಕಡ್ಡಿಯೂ ಇರುತ್ತದೆ. ಆದರೆ ಮೀಟಿಂಗಿನಲ್ಲಿ ಅವಳಿಗೆ ಎಲ್ಲರ ಮಾತು ಕೇಳಿಸುತ್ತದೆ, ಅವಳ ಮಾತು ಯಾರಿಗೂ ಕೇಳಿಸುವುದಿಲ್ಲ. ಸಂಜೆ ಏಳರ ಮೇಲಂತೂ ಏನೂ ನಡೆಯುವುದಿಲ್ಲ. ಒಂದು ಕಂಪನಿಯವರು ತಾರಸಿಯ ಮೇಲೆ 5ಜಿ ಡಬ್ಬಿ ಕೂರಿಸುತ್ತೇವೆ ಎನ್ನುತ್ತಾರೆ. ಊರಿನ ಕೇಬಲ್‌ನವರು ಫೈಬರ್ ಎಳೆದುಕೊಡುತ್ತೇವೆ, ಕಂಬ ಮತ್ತು ತಂತಿಯ ಖರ್ಚು ಎಂಟು ಸಾವಿರ ನಿಮ್ಮದು ಎನ್ನುತ್ತಾರೆ. ಅಳಿಯಂದಿರು, ಉಪಗ್ರಹದ ಇಂಟರ್‌ನೆಟ್ ಬರುತ್ತಿದೆ, ಅದರ ಹಿಂದೆಯೇ 6ಜಿ ಬರುತ್ತದೆ, ಈಗ ದುಡ್ಡು ಸುರಿಯಬೇಡಿ ಮಾವ ಎನ್ನುತ್ತಾರೆ. ನಾನು ಈಗಾಗಲೇ ಎರಡು ಸಲ ಟೋಪಿ ಹಾಕಿಸಿಕೊಂಡವನು. 2004ರಲ್ಲಿ ಕೊಂಡ ಸಿಡಿಎಂಎ ಫೋನು, 2011ರಲ್ಲಿ ಕೊಂಡ ಡಾಂಗಲ್, ಎರಡೂ ಅಟ್ಟದ ಮೇಲಿವೆ. ಮೂರನೆಯದನ್ನೂ ಅಲ್ಲಿಗೇ ಹಾಕುವ ಆಸೆ ಇಲ್ಲ. ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ಸದ್ಯದಲ್ಲೇ ನಿಂತುಹೋಗುತ್ತದೆ ಎಂದು ಅಂಗಡಿಯವನು ಹೆದರಿಸಿದ್ದಾನೆ. ಪಕ್ಕದ ಜಮೀನಿನಲ್ಲಿ ಹೊಸ ಟವರ್ ಬರುವ ಮಾತೂ ಇದೆ. ಹಸುಗೂಸಿರುವ ಮನೆ. ಬರಲಿ ಎನ್ನಲೇ, ಬೇಡ ಎನ್ನಲೇ?"

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಎಂಟು ಸಾವಿರ ಕೊಟ್ಟು ಫೈಬರ್ ಎಳೆಸಿ. ಇಷ್ಟು ಹೇಳಿ ಸುಮ್ಮನಾದರೆ ನಾನೂ ಡಬ್ಬಿ ಮಾರುವವರ ಸಾಲಿಗೆ ಸೇರುತ್ತೇನೆ, ಆದ್ದರಿಂದ ಕಾರಣವನ್ನೂ ಹೇಳುತ್ತೇನೆ. ಕೇಳಿದ ಮೇಲೆ ಬೇಡವೆನ್ನಿಸಿದರೆ ಬಿಡಿ. ಮೈಸೂರು, ಮಂಡ್ಯ, ಚಾಮರಾಜನಗರದ ಸೀಮೆಯಲ್ಲಿ ಸಿಗ್ನಲ್ ಅಳೆಯುವುದೇ ಇಪ್ಪತ್ತೈದು ವರ್ಷ ನನ್ನ ಹೊಟ್ಟೆಪಾಡಾಗಿತ್ತು. ಜೀಪಿನ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಎಷ್ಟು ಸಲ ಓಡಾಡಿದ್ದೇನೆಂದರೆ, ನಿಮ್ಮ ಭಾಗದ ತೆಂಗಿನ ತೋಟಗಳು ಯಾವ ಟವರಿಗೆ ಅಡ್ಡ ಬರುತ್ತವೆ ಎಂಬುದು ಕಣ್ಣು ಮುಚ್ಚಿದರೂ ಕಾಣುತ್ತದೆ.

ನಿಮ್ಮ ಅಟ್ಟದಿಂದಲೇ ಆರಂಭಿಸೋಣ. ಅಲ್ಲಿ ಮಲಗಿರುವ ಎರಡು ಸಾಮಾನುಗಳ ಕಥೆ ಗೊತ್ತಾದರೆ ಮೂರನೆಯದನ್ನು ಆರಿಸುವುದು ಸುಲಭ.

2004ರಲ್ಲಿ ನಿಮಗೆ ಸಿಡಿಎಂಎ ಫೋನು ಮಾರಿದವರು ಸುಳ್ಳು ಹೇಳಿರಲಿಲ್ಲ. ಮಾತಿನ ಸ್ಪಷ್ಟತೆಯಲ್ಲಿ, ಒಂದೇ ತರಂಗಾಂತರದಲ್ಲಿ ಹೆಚ್ಚು ಜನರನ್ನು ಹಿಡಿಸುವುದರಲ್ಲಿ ಆ ತಂತ್ರಜ್ಞಾನ ಆಗಿನ ಅದರ ಎದುರಾಳಿಯಾದ ಜಿಎಸ್‌ಎಂಗಿಂತ ಮುಂದಿತ್ತು. ಎಷ್ಟು ಮುಂದಿತ್ತೆಂದರೆ, ಜಿಎಸ್‌ಎಂ ಬಳಗದವರೇ ತಮ್ಮ 3ಜಿ ಕಟ್ಟುವಾಗ ಅದೇ ತತ್ವವನ್ನು ತೆಗೆದುಕೊಂಡರು. ಹಾಗಿದ್ದರೂ ಸೋತಿತು. ಜಿಎಸ್‌ಎಂ ಫೋನಿನಲ್ಲಿ ಸಿಮ್ ತೆಗೆದು ಬೇರೆ ಕಂಪನಿಯದನ್ನು ಹಾಕಬಹುದಿತ್ತು. ನಿಮ್ಮ ಫೋನು ಮಾರಿದ ಕಂಪನಿಗೇ ಕಟ್ಟುಬಿದ್ದಿತ್ತು. ಜಿಎಸ್‌ಎಂ ಉಪಕರಣವನ್ನು ಹತ್ತಾರು ತಯಾರಕರು ಮಾಡುತ್ತಿದ್ದರು, ದರ ಇಳಿಯುತ್ತಲೇ ಹೋಯಿತು. ಸಿಡಿಎಂಎ ಬಳಗ ಚಿಕ್ಕದಾಗುತ್ತಾ ಬಂತು. ಅಮೆರಿಕದಲ್ಲಿ ಆ ಪಾಳೆಯದ ದೊಡ್ಡಣ್ಣನಾಗಿದ್ದ ವೆರೈಜನ್ ಕಂಪನಿಯೇ 2007ರಲ್ಲಿ ತನ್ನ ಮುಂದಿನ ಜಾಲವನ್ನು ಎಲ್‌ಟಿಇ ಮೇಲೆ, ಅಂದರೆ ನಾವು 4ಜಿ ಎನ್ನುವುದರ ಮೇಲೆ, ಕಟ್ಟುವುದಾಗಿ ಹೇಳಿದಾಗ ಆಟ ಮುಗಿಯಿತು. ಸಿಡಿಎಂಎಯ ಮುಂದಿನ ಪೀಳಿಗೆಯನ್ನು ರೂಪಿಸುತ್ತಿದ್ದ ಕ್ವಾಲ್‌ಕಾಮ್ ಮರುವರ್ಷ ಆ ಕೆಲಸವನ್ನೇ ಕೈಬಿಟ್ಟಿತು.

ನಿಮ್ಮ ನೆರೆಯವರು ಯಾರಾದರೂ ಅದೇ 2004ರಲ್ಲಿ ನೋಕಿಯಾ 1100 ಕೊಂಡು ಜೋಪಾನ ಮಾಡಿದ್ದರೆ, ಇವತ್ತಿಗೂ ಅದಕ್ಕೆ ಏರ್‌ಟೆಲ್ ಸಿಮ್ ಹಾಕಿ ಕರೆ ಮಾಡಬಹುದು. ಇನ್ನೂ ಒಂದು ತಮಾಷೆ ಇದೆ. ನಿಮ್ಮ ಸತ್ತ ಫೋನು ಯಾವ 800 ಮೆಗಾಹರ್ಟ್ಸ್ ಆಸುಪಾಸಿನ ತರಂಗಾಂತರದಲ್ಲಿ ಮಾತಾಡುತ್ತಿತ್ತೋ, ಅದೇ ತರಂಗಾಂತರದಲ್ಲಿ ಈಗ ಜಿಯೊ ತನ್ನ 4ಜಿ ನಡೆಸುತ್ತಿದೆ. ಗದ್ದೆ ಅದೇ, ಬೆಳೆ ಬದಲಾಯಿತು.

ಇನ್ನು ನಿಮ್ಮ ಡಾಂಗಲ್ ಕಾಲದ ಕಥೆ. ಗಾಳಿಯಲ್ಲೇ ಇಂಟರ್‌ನೆಟ್ ಕೊಡುವ ವೈಮ್ಯಾಕ್ಸ್ ಎಂಬ ತಂತ್ರಜ್ಞಾನದ ಹೆಸರನ್ನು ನೀವು ಕೇಳಿರಬಹುದು. ಕಂಪ್ಯೂಟರಿನ ಚಿಪ್ ಮಾಡುವ ಇಂಟೆಲ್ ಅದರ ಬೆನ್ನಿಗಿತ್ತು. 2008ರಲ್ಲಿ ಅಮೆರಿಕದ ಸ್ಪ್ರಿಂಟ್ ಕಂಪನಿ ಅದನ್ನು ಶುರುಮಾಡಿತು. ನಮ್ಮಲ್ಲಿ ಬಿಎಸ್‌ಎನ್‌ಎಲ್ ಹಳ್ಳಿಗಳಿಗಾಗಿ ಅದನ್ನು ಹಾಕಿತು. ಎಲ್‌ಟಿಇ ಮೊದಲು ಗಿರಾಕಿಯ ಕೈಗೆ ಬಂದದ್ದು 2009ರ ಡಿಸೆಂಬರಿನಲ್ಲಿ, ಸ್ಟಾಕ್‌ಹೋಮ್ ಮತ್ತು ಓಸ್ಲೊ ನಗರಗಳಲ್ಲಿ. ಅಂದರೆ ವೈಮ್ಯಾಕ್ಸ್ ಒಂದು ವರ್ಷಕ್ಕೂ ಹೆಚ್ಚು ಮುಂದಿತ್ತು, ಓಟದಲ್ಲಿ ಮೊದಲು ಹೊರಟಿತ್ತು. 2010ರಲ್ಲಿ ಭಾರತ 2300 ಮೆಗಾಹರ್ಟ್ಸ್ ತರಂಗಾಂತರವನ್ನು ಹರಾಜು ಹಾಕಿದಾಗ, ಕೊಂಡವರು ಎರಡರಲ್ಲಿ ಯಾವುದನ್ನು ಬೇಕಾದರೂ ಬಳಸಬಹುದಿತ್ತು. ನಾವೆಲ್ಲ ಕಚೇರಿಯಲ್ಲಿ ಎರಡು ಪಂಗಡವಾಗಿ ವಾದಿಸುತ್ತಿದ್ದೆವು. ನಾನು ವೈಮ್ಯಾಕ್ಸ್ ಕಡೆಯವನಾಗಿದ್ದೆ, ಒಪ್ಪಿಕೊಳ್ಳುತ್ತೇನೆ. ಆ ಹರಾಜಿನಲ್ಲಿ ಕ್ವಾಲ್‌ಕಾಮ್ ನಾಲ್ಕು ವೃತ್ತಗಳನ್ನು, ಅಂದರೆ ದೂರಸಂಪರ್ಕಕ್ಕಾಗಿ ದೇಶವನ್ನು ವಿಂಗಡಿಸಿದ ಭಾಗಗಳಲ್ಲಿ ನಾಲ್ಕನ್ನು, ಕೊಂಡು ಎಲ್‌ಟಿಇ ಕಡೆಗೆ ತಕ್ಕಡಿ ಒತ್ತಿತು. ದೇಶದ 22 ವೃತ್ತಗಳನ್ನೂ ಗೆದ್ದ ಇನ್ಫೋಟೆಲ್ ಎಂಬ ಪುಟ್ಟ ಕಂಪನಿಯನ್ನು ರಿಲಯನ್ಸ್ ಕೂಡಲೇ ಕೊಂಡುಕೊಂಡಿತು. ಅದೇ ಮುಂದೆ 2016ರ ಸೆಪ್ಟೆಂಬರಿನಲ್ಲಿ ಜಿಯೊ ಆಗಿ ನಿಮ್ಮ ಊರಿಗೆ ಬಂತು. ವೈಮ್ಯಾಕ್ಸ್ ಸೋತದ್ದು ವೇಗದಲ್ಲಲ್ಲ. ಎರಡೂ ಒಳಗೆ ಬಳಸುತ್ತಿದ್ದ ರೇಡಿಯೊ ತತ್ವ ಹೆಚ್ಚುಕಡಿಮೆ ಒಂದೇ ಆಗಿತ್ತು. ಎಲ್‌ಟಿಇ ಹಳೆಯ ಜಿಎಸ್‌ಎಂ ಮನೆತನದ ಕೂಸು. ಕಂಪನಿಗಳು ತಮ್ಮಲ್ಲಿ ಆಗಲೇ ಇದ್ದ ಜಾಲದ ಮೇಲೆಯೇ ಅದನ್ನು ಕೂರಿಸಬಹುದಿತ್ತು, ಒಂದೇ ಫೋನು 2ಜಿ, 3ಜಿ, 4ಜಿ ಮೂರನ್ನೂ ಹಿಡಿಯಬಹುದಿತ್ತು. ವೈಮ್ಯಾಕ್ಸ್ ಬಂದರೆ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಿತ್ತು. ನಂಟರಿಲ್ಲದ ಮನೆಯಿಂದ ಹೆಣ್ಣು ತಂದ ಹಾಗೆ ಎಂದು ನಮ್ಮ ಹಿರಿಯ ಎಂಜಿನಿಯರ್ ಒಬ್ಬರು ನಗುತ್ತಿದ್ದರು.

ಆದ್ದರಿಂದ ನಿಮಗೆ ಟೋಪಿ ಹಾಕಿದ್ದು ತಂತ್ರಜ್ಞಾನವಲ್ಲ, ಒಂದೇ ಕಂಪನಿಗೆ ಕಟ್ಟುಬಿದ್ದ ಡಬ್ಬಿ. ಯಾರಾದರೂ ಹೊಸದನ್ನು ಮಾರಲು ಬಂದಾಗ ವೇಗ ಎಷ್ಟು ಎಂದು ಕೇಳುವ ಮೊದಲು, ನಾಳೆ ನಿಮ್ಮ ಕಂಪನಿ ಬಿಟ್ಟರೆ ಈ ಸಾಮಾನು ಬೇರೆ ಯಾರ ಬಳಿ ನಡೆಯುತ್ತದೆ ಎಂದು ಕೇಳಿ. ಉತ್ತರ ತಡವರಿಸಿದರೆ, ಡಬ್ಬಿ ಅವರದೇ ಆಗಿರಲಿ, ಬಾಡಿಗೆ ಮಾತ್ರ ನಿಮ್ಮದಾಗಿರಲಿ.

ಈಗ ಕಡ್ಡಿಯ ವಿಷಯ. ಫೋನಿನ ಮೇಲೆ ಕಾಣುವ ಕಡ್ಡಿಗಳು ಟವರಿನ ದನಿ ನಿಮಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನಷ್ಟೇ ಹೇಳುತ್ತವೆ. ಆ ದನಿ ಸ್ಪಷ್ಟವಾಗಿದೆಯೇ, ನಿಮ್ಮ ದನಿ ಟವರಿಗೆ ಕೇಳುತ್ತಿದೆಯೇ, ಕೇಳಿದರೂ ಟವರಿಗೆ ಪುರುಸೊತ್ತಿದೆಯೇ ಎಂಬ ಯಾವುದನ್ನೂ ಹೇಳುವುದಿಲ್ಲ. ಚಾಮುಂಡಿ ಬೆಟ್ಟದ ಮೇಲೆ ನಿಂತು ಫೋನು ತೆಗೆಯಿರಿ. ಮೈಸೂರಿನ ಹತ್ತಾರು ಟವರುಗಳು ಒಟ್ಟಿಗೆ ಕಾಣುತ್ತವೆ, ಕಡ್ಡಿ ತುಂಬಿ ತುಳುಕುತ್ತದೆ. ವಿಡಿಯೊ ಮಾತ್ರ ಸುತ್ತುತ್ತಲೇ ಇರುತ್ತದೆ. ಸಂತೆಯಲ್ಲಿ ಹತ್ತು ಜನ ಒಮ್ಮೆಗೇ ಕೂಗಿದರೆ ಒಬ್ಬರ ಮಾತೂ ತಿಳಿಯದ ಸ್ಥಿತಿ ಅದು. ಕೆಆರ್‌ಎಸ್ ಹಿನ್ನೀರಿನ ದಡದಲ್ಲಿ ಇನ್ನೊಂದು ಬಗೆ. ನೀರಿನ ಮೇಲೆ ಅಡೆತಡೆಯಿಲ್ಲದೆ ಸಿಗ್ನಲ್ ಜಾರಿ ಬರುವುದರಿಂದ ಹತ್ತಿರದ ಟವರನ್ನು ಬಿಟ್ಟು ಆಚೆ ದಡದ ಟವರಿಗೆ ಫೋನು ಅಂಟಿಕೊಳ್ಳುತ್ತದೆ.

5ಜಿ ಎಂಬ ಗುರುತನ್ನೂ ಪೂರ್ತಿ ನಂಬಬೇಡಿ. 2022ರ ಅಕ್ಟೋಬರಿನಲ್ಲಿ ದೇಶದಲ್ಲಿ 5ಜಿ ಆರಂಭವಾದಾಗ ಎರಡು ದಾರಿಗಳಿದ್ದವು. ಜಿಯೊ 5ಜಿಯನ್ನು ಸ್ವತಂತ್ರ ಜಾಲವಾಗಿ ಕಟ್ಟಿತು. ಏರ್‌ಟೆಲ್ ತನ್ನ 4ಜಿಯ ಹೆಗಲ ಮೇಲೆ 5ಜಿಯನ್ನು ಕೂರಿಸಿತು. ಎರಡನೆಯ ಬಗೆಯಲ್ಲಿ, ಈ ಟವರಿನಲ್ಲಿ 5ಜಿ ಉಂಟು ಎಂಬ ಸೂಚನೆ ಬಂದರೂ ಸಾಕು, ಎಷ್ಟೋ ಫೋನುಗಳು ಗುರುತನ್ನು ಹಚ್ಚಿಕೊಂಡುಬಿಡುತ್ತವೆ. ನಿಜವಾಗಿ ಓಡುತ್ತಿರುವುದು 4ಜಿಯೇ ಇರಬಹುದು. ಇದರಲ್ಲಿ ಮೋಸವೇನೂ ಇಲ್ಲ, ಆದರೆ ಜಾಹೀರಾತಿನವರು ಇದನ್ನು ಬಿಡಿಸಿ ಹೇಳುವುದೂ ಇಲ್ಲ.

ಮಗಳ ಮಾತು ಯಾರಿಗೂ ಕೇಳಿಸುವುದಿಲ್ಲ ಎಂದು ನೀವು ಬರೆದಿರುವ ಸಾಲು ನನಗೆ ಬೇಕಾದ ಸುಳಿವನ್ನೆಲ್ಲ ಕೊಟ್ಟಿತು. ಟವರಿನ 5ಜಿ ರೇಡಿಯೊ ನೂರಾರು ವಾಟ್ ಶಕ್ತಿಯಲ್ಲಿ ಕೂಗುತ್ತದೆ. ಕೈಯಲ್ಲಿರುವ ಫೋನಿನ ಗರಿಷ್ಠ ಶಕ್ತಿ ಸುಮಾರು 0.2 ವಾಟ್. ದೇವಸ್ಥಾನದ ಮೈಕಿಗೆ ಮನೆಯ ಜಗಲಿಯಿಂದ ಉತ್ತರ ಕೊಟ್ಟ ಹಾಗೆ. ದೂರ ಹೆಚ್ಚಾದಂತೆ ಮೊದಲು ಸೋಲುವುದು ಹೋಗುವ ದಾರಿ, ಬರುವ ದಾರಿಯಲ್ಲ. ಹಾಡು, ಸಿನಿಮಾ ನೋಡುವವರಿಗೆ ಇದು ಗೊತ್ತಾಗುವುದೇ ಇಲ್ಲ, ಅವರಿಗೆ ಬರುವ ದಾರಿ ಇದ್ದರೆ ಸಾಕು. ಮನೆಯಿಂದ ಕೆಲಸ ಮಾಡುವವರಿಗೆ ಎರಡೂ ಬೇಕು.

ಇದಕ್ಕೆ ನಿಮ್ಮ ಕಬ್ಬೂ ಸೇರುತ್ತದೆ. ನಮ್ಮ ಕಡೆಯ ಹಳಬರು ಗದ್ದೆಯ ಬದುವಿನ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಬೆಂಗಳೂರು ಆಕಾಶವಾಣಿ ಕೇಳುತ್ತಿದ್ದರಲ್ಲ, ಆ 612 ಕಿಲೊಹರ್ಟ್ಸ್‌ನ ಒಂದೊಂದು ಅಲೆಯ ಉದ್ದ ಸುಮಾರು 490 ಮೀಟರ್. ಅದಕ್ಕೆ ನಿಮ್ಮ ಕಬ್ಬಿನ ಗದ್ದೆ ಲೆಕ್ಕಕ್ಕೇ ಇಲ್ಲ, ಗುಡ್ಡವನ್ನೂ ಬಳಸಿಕೊಂಡು ಹೋಗುತ್ತದೆ. (ಆಕಾಶವಾಣಿ ಎಂಬ ಹೆಸರು ರೇಡಿಯೊಗೆ ಅಂಟಿದ್ದೂ ನಮ್ಮ ಮೈಸೂರಿನಲ್ಲೇ, 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮನೆಯಿಂದಲೇ ನಡೆಸಿದ ಪುಟ್ಟ ಬಾನುಲಿ ಕೇಂದ್ರದಿಂದ. ಅವರು ಮನಶ್ಶಾಸ್ತ್ರದ ಮೇಷ್ಟ್ರು, ಎಂಜಿನಿಯರ್ ಅಲ್ಲ ಎಂಬುದು ನಮ್ಮಂಥವರಿಗೆ ಇವತ್ತಿಗೂ ಸ್ವಲ್ಪ ಹೊಟ್ಟೆಯುರಿ.) 700 ಮೆಗಾಹರ್ಟ್ಸ್‌ನ ಅಲೆ ಸುಮಾರು 43 ಸೆಂಟಿಮೀಟರ್. 5ಜಿಯ ವೇಗವೆಲ್ಲ ಇರುವ 3300 ಮೆಗಾಹರ್ಟ್ಸ್‌ನ ಅಲೆ ಸುಮಾರು 9 ಸೆಂಟಿಮೀಟರ್. ಕಬ್ಬಿನ ಗರಿ, ತೆಂಗಿನ ಗರಿ, ಅವುಗಳೊಳಗಿನ ನೀರು ಈ ಅಳತೆಯ ಅಲೆಯನ್ನು ಚೆನ್ನಾಗಿ ಹೀರುತ್ತವೆ. ವರ್ಷಗಳ ಹಿಂದೆ ಮದ್ದೂರಿನ ಕಡೆ ಒಂದು ಟವರಿನ ಸರ್ವೆ ಮಾಡಿದ್ದು ಕಬ್ಬು ಕಡಿದ ಮೇಲೆ. ಬಯಲು ಬಯಲಾಗಿ ಕಂಡಿತು, ಸಿಗ್ನಲ್ ಅದ್ಭುತ ಎಂದು ವರದಿ ಬರೆದೆ. ಮಳೆಗಾಲ ಕಳೆಯುವ ಹೊತ್ತಿಗೆ ಹತ್ತಡಿ ಕಬ್ಬು ನಿಂತಿತ್ತು, ದೂರಿನ ಮೇಲೆ ದೂರು. ಆಮೇಲೆ ಈ ಸೀಮೆಯಲ್ಲಿ ಕಬ್ಬು ನಿಂತಿರುವಾಗಲೇ ಅಳೆಯುವುದನ್ನು ರೂಢಿ ಮಾಡಿಕೊಂಡೆ.

ಸಂಜೆ ಏಳರ ಕಥೆ ಇದಕ್ಕಿಂತ ಬೇರೆ. ಟವರಿನ ಒಂದು ಮುಖಕ್ಕೆ ಇರುವ ವೇಗವನ್ನು ಆ ದಿಕ್ಕಿನಲ್ಲಿರುವ ಎಲ್ಲರೂ ಹಂಚಿಕೊಳ್ಳಬೇಕು. ಮಧ್ಯಾಹ್ನ ಗದ್ದೆಯಲ್ಲಿದ್ದವರೆಲ್ಲ ಸಂಜೆ ಮನೆಗೆ ಬಂದು ಫೋನು ಹಿಡಿಯುತ್ತಾರೆ. ದಸರಾ ಜಂಬೂಸವಾರಿಯ ದಿನ ಮೈಸೂರಿನಲ್ಲಿ ಏನಾಗುತ್ತದೋ ಅದೇ, ಚಿಕ್ಕ ಪ್ರಮಾಣದಲ್ಲಿ ದಿನವೂ. ಇನ್ನೊಂದು ಸಾಧ್ಯತೆಯೂ ಇದೆ. ಟವರಿನಿಂದ ಮುಂದಕ್ಕೆ ಬೆಂಗಳೂರಿನವರೆಗೆ ದತ್ತಾಂಶ ಹೋಗಬೇಕಲ್ಲ, ಆ ದಾರಿ ಕಿರಿದಾಗಿರಬಹುದು. ಒಮ್ಮೆ ಟವರಿನ ಬುಡಕ್ಕೆ ಹೋಗಿ ತಲೆಯೆತ್ತಿ ನೋಡಿ. ಉದ್ದನೆಯ ಹಲಗೆಗಳಂತಿರುವವು ನಿಮ್ಮ ಫೋನಿನ ಜೊತೆ ಮಾತಾಡುವ ಆಂಟೆನಾಗಳು. ನಗಾರಿಯಂತೆ ದುಂಡಗಿರುವ ಡಬ್ಬಿ ಕಂಡರೆ, ಅದು ಇನ್ನೊಂದು ಟವರಿಗೆ ಗಾಳಿಯಲ್ಲೇ ಸೇತುವೆ ಕಟ್ಟುವ ಮೈಕ್ರೊವೇವ್. ಆ ಟವರಿಗೆ ಇನ್ನೂ ಫೈಬರ್ ಬಂದಿಲ್ಲದಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಮೇಲೆ 5ಜಿ ರೇಡಿಯೊ ಕೂರಿಸಿದರೂ ಬಿಂದಿಗೆಯ ಬಾಯಿ ದೊಡ್ಡದು, ಬಾವಿಯ ಹಗ್ಗ ಸಣ್ಣದು.

ನಿಮ್ಮ ಮನೆಯ ತೊಂದರೆ ಯಾವುದೆಂದು ತಿಳಿಯಲು ದುಡ್ಡು ಬೇಡ. ಬೆಳಗಿನ ಐದಕ್ಕೆ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ, ಮನೆಯೊಳಗೆ ಮತ್ತು ತಾರಸಿಯ ಮೇಲೆ ವೇಗ ಪರೀಕ್ಷೆ ಮಾಡಿ, ಮೂರು ದಿನ ಬರೆದಿಡಿ. ಅಪ್‌ಲೋಡ್ ಸಂಖ್ಯೆಯನ್ನೂ ಬರೆಯಿರಿ, ಜನ ಅದನ್ನೇ ಬಿಡುತ್ತಾರೆ. ಜೊತೆಗೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿ ಎಂಬಲ್ಲಿ ಸಿಗ್ನಲ್ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುತ್ತದೆ. −85 ಇದ್ದರೆ ಬಲು ಚೆನ್ನು, −100 ಪರವಾಗಿಲ್ಲ, −115 ಎಂದರೆ ಏದುಸಿರು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಬಲದಲ್ಲಿ ಸಾವಿರ ಪಟ್ಟು ಅಂತರವಿದೆ. ಬೆಳಗ್ಗೆ ಓಡಿ ರಾತ್ರಿ ತೆವಳಿದರೆ ಅದು ಜನಸಂದಣಿ, ಯಾವ ಆಂಟೆನಾ ಹಾಕಿದರೂ ವಾಸಿಯಾಗುವುದಿಲ್ಲ. ಎರಡೂ ಹೊತ್ತು ತೆವಳಿ, ತಾರಸಿಯ ಮೇಲೆ ಮಾತ್ರ ಓಡಿದರೆ ಅದು ಸಿಗ್ನಲ್ ಕೊರತೆ, ಆಂಟೆನಾದಿಂದ ಸರಿಹೋಗುತ್ತದೆ. ನಿಮ್ಮ ಪತ್ರ ನೋಡಿದರೆ ಎರಡೂ ಇರುವ ಹಾಗೆ ಕಾಣುತ್ತದೆ.

ಈ ಹಂತದಲ್ಲಿ ಯಾರಾದರೂ ಆನ್‌ಲೈನ್‌ನಲ್ಲಿ ಸಿಗ್ನಲ್ ಬೂಸ್ಟರ್ ತರಿಸಿಕೊಡುತ್ತೇನೆ ಎಂದರೆ ಬೇಡವೇ ಬೇಡ. ಅನುಮತಿಯಿಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ, ದಂಡವಿದೆ. ಮೈಸೂರಿನಲ್ಲಿ ಒಂದು ವಸತಿಗೃಹದವರು ಹಾಕಿಸಿದ್ದ ಬೂಸ್ಟರ್ ಇಡೀ ಬಡಾವಣೆಯ ಕರೆಗಳನ್ನು ಕೆಡಿಸಿತ್ತು. ಕೈಯಲ್ಲಿ ಆಂಟೆನಾ ಹಿಡಿದು ಮೂರು ದಿನ ಬೀದಿ ಬೀದಿ ಸುತ್ತಿ ಅದನ್ನು ಹುಡುಕಿದವನು ನಾನೇ. ಮಾಲೀಕರು ಕಾಫಿ ಕೊಟ್ಟು, ತಮ್ಮಲ್ಲಿ ಮಾತ್ರ ಸಿಗ್ನಲ್ ಚೆನ್ನಾಗಿದೆ ಎಂದು ಹೆಮ್ಮೆಪಟ್ಟರು.

ತಾರಸಿಯ 5ಜಿ ಡಬ್ಬಿಯನ್ನು ನಾನು ತಳ್ಳಿಹಾಕುವುದಿಲ್ಲ. ಅದರ ಆಂಟೆನಾ ಫೋನಿಗಿಂತ ದೊಡ್ಡದು, ಎತ್ತರದಲ್ಲಿರುತ್ತದೆ, ಟವರಿನತ್ತಲೇ ಮುಖ ಮಾಡಿರುತ್ತದೆ. ಮಗಳ ಮಾತು ಕೇಳದ ತೊಂದರೆ ಅದರಿಂದ ಬಹುಮಟ್ಟಿಗೆ ಕಳೆಯಬಹುದು. ಆದರೆ ಸಂಜೆಯ ಸಂದಣಿ ಕಳೆಯುವುದಿಲ್ಲ, ಕ್ರಮೇಣ ಹೆಚ್ಚುತ್ತದೆ. ಏಕೆಂದರೆ ಊರಿನಲ್ಲಿ ಇನ್ನೂ ಹತ್ತು ಮನೆಯವರು ಅದೇ ಡಬ್ಬಿ ಹಾಕಿಸಿ ಟಿವಿಯನ್ನೆಲ್ಲ ಅದರಲ್ಲೇ ನೋಡಲು ಶುರುಮಾಡುತ್ತಾರೆ. ಮೊದಲ ತಿಂಗಳ ವೇಗ ನೋಡಿ ಒಂದು ವರ್ಷದ ಹಣ ಕಟ್ಟಿದವರು ಆಮೇಲೆ ನನಗೆ ಬರೆಯುತ್ತಾರೆ. ಹಾಕಿಸುವುದೇ ಆದರೆ ತಾರಸಿಯ ಗೋಡೆಗೆ ಬಡಿಯಲು ಬಿಡಬೇಡಿ, ಎತ್ತರದ ಕೊಳವೆಯ ಮೇಲೆ ಕೂರಿಸಲಿ. ಒಂದೂವರೆ ಕಿಲೊಮೀಟರ್ ದೂರದ ಟವರಿನ ಸಿಗ್ನಲ್ ದಾರದಂತೆ ನೇರ ಗೆರೆಯಲ್ಲಿ ಬರುವುದಿಲ್ಲ. ನಡುವಿನಲ್ಲಿ ಆ ಗೆರೆಯ ಸುತ್ತ ಐದಾರು ಮೀಟರ್ ಜಾಗ ಖಾಲಿಯಿರಬೇಕು. ಕಬ್ಬನ್ನು ಕೊಳವೆಯ ಎತ್ತರ ಗೆಲ್ಲುತ್ತದೆ, ತೆಂಗಿನ ಸಾಲನ್ನು ಗೆಲ್ಲುವುದಿಲ್ಲ. ಟವರಿನ ದಿಕ್ಕಿಗೆ ತೆಂಗಿನ ತೋಟವಿದ್ದರೆ ಈ ಯೋಚನೆಯನ್ನೇ ಬಿಡಿ.

ಫೈಬರಿಗೆ ಬಂದರೆ, ನನಗೆ ಅದು ಇಷ್ಟವಾಗುವುದು ವೇಗಕ್ಕಲ್ಲ. ಕೂದಲೆಳೆಯಷ್ಟು ತೆಳ್ಳಗಿನ ಗಾಜಿಗೆ ಪೀಳಿಗೆ ಎಂಬುದಿಲ್ಲ. ಇವತ್ತು ನಿಮ್ಮ ಕೇಬಲ್‌ನವರು ಬಳಸುತ್ತಿರಬಹುದಾದ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆಯ ಮೇಲೆ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಬರುತ್ತದೆ, ಅರ್ಧದಷ್ಟು ಹೋಗುತ್ತದೆ, ಅದನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ನಾಳೆ 10 ಗಿಗಾಬಿಟ್ ವ್ಯವಸ್ಥೆ ಬಂದರೆ ಎರಡು ತುದಿಯ ಡಬ್ಬಿ ಬದಲಾಗುತ್ತದೆ, ನಡುವಿನ ಗಾಜು ಅದೇ ಇರುತ್ತದೆ. ಕಬ್ಬು ಬೆಳೆದರೂ ಕಡಿದರೂ ಅದಕ್ಕೆ ಒಂದೇ. ನಿಮ್ಮ ಎಂಟು ಸಾವಿರ ಹೋಗುವುದು ಅಟ್ಟಕ್ಕೆ ಹೋಗದ ಭಾಗಕ್ಕೆ.

ಇದರಲ್ಲೂ ಅಪಾಯಗಳಿವೆ. ಕಬ್ಬು ಅರೆಯುವ ಕಾಲದಲ್ಲಿ ಎತ್ತರಕ್ಕೆ ಹೇರಿಕೊಂಡು ಬರುವ ಟ್ರ್ಯಾಕ್ಟರುಗಳು ಅಡ್ಡಲಾಗಿರುವ ತಂತಿಯನ್ನು ಸೆಳೆದುಕೊಂಡೇ ಹೋಗುತ್ತವೆ. ಗದ್ದೆಯಲ್ಲಿ ಸೋಗೆಗೆ ಬೆಂಕಿ ಕೊಟ್ಟಾಗ ತಂತಿಯ ಹೊದಿಕೆ ಕರಗುತ್ತದೆ. ನಾಲೆಯ ಹೂಳೆತ್ತುವ ಜೆಸಿಬಿಗೆ ನೆಲದೊಳಗಿನ ತಂತಿ ಬಲಿಯಾಗುತ್ತದೆ. ಆದ್ದರಿಂದ ದುಡ್ಡು ಕೊಡುವ ಮೊದಲು ಕೇಬಲ್‌ನವರೊಂದಿಗೆ ಕುಳಿತು ಮಾತಾಡಿ. ದಾರಿ ದಾಟುವ ಕಡೆ ಕಂಬ ಎತ್ತರವಿರಲಿ. ತುಂಡಾದರೆ ಎಷ್ಟು ಹೊತ್ತಿನಲ್ಲಿ ಕೂಡಿಸುತ್ತಾರೆ, ಕೂಡಿಸುವ ಯಂತ್ರ ಅವರಲ್ಲೇ ಇದೆಯೇ ಅಥವಾ ಮಂಡ್ಯದಿಂದ ಬರಬೇಕೇ ಎಂದು ಕೇಳಿ. ಇದು ಬಹಳ ಮುಖ್ಯ, ಒಂದು ಗಂಟೆಗೂ ನಾಲ್ಕು ದಿನಕ್ಕೂ ಇರುವ ವ್ಯತ್ಯಾಸ ಅದೇ. ಕರೆಂಟು ಹೋದಾಗ ಅವರ ಕಡೆಯ ಯಂತ್ರಕ್ಕೆ ಬ್ಯಾಟರಿ ಇದೆಯೇ ಎಂಬುದನ್ನೂ ಕೇಳಿ, ನಿಮ್ಮ ಕಡೆಗೆ ರೌಟರಿನ ಪುಟ್ಟ ಯುಪಿಎಸ್ ಸಾಕು. ತಂತಿ ಎಳೆದ ದಿನ ಮೀಟರ್ ಹಿಡಿದು ಬೆಳಕಿನ ಬಲ ತೋರಿಸಲಿ. ಅದೇ ಡಿಬಿಎಂ ಅಳತೆಯಲ್ಲಿ −25ಕ್ಕಿಂತ ದುರ್ಬಲವಾಗಿದ್ದರೆ ಎಲ್ಲೋ ಜೋಡಣೆ ಕೆಟ್ಟಿದೆ ಎಂದರ್ಥ, ಅಲ್ಲೇ ಸರಿಮಾಡಿಸಿ. ಅವರು ಹೋದ ಮೇಲೆ ಯಾರೂ ಸರಿಮಾಡುವುದಿಲ್ಲ.

ತಂತಿ ತುಂಡಾದ ದಿನಕ್ಕೆ ಮಗಳ ಫೋನಿನಲ್ಲಿ ಎರಡನೆಯ ಕಂಪನಿಯ ಸಿಮ್ ಇರಲಿ. ಬೇರೆ ಟವರಿನಿಂದ ಬರುವ ಕಂಪನಿಯಾದರೆ ಒಳ್ಳೆಯದು. ಕಂಪನಿಗಳ ಜಾಲತಾಣದಲ್ಲಿ ಈಗ ವ್ಯಾಪ್ತಿಯ ನಕ್ಷೆಗಳಿವೆ, ನೋಡಿ. ಆದರೆ ನಕ್ಷೆಗಿಂತ ನೆರೆಮನೆಯವರ ಫೋನು ಹೆಚ್ಚು ನಿಜ ಹೇಳುತ್ತದೆ. ಬಿಎಸ್‌ಎನ್‌ಎಲ್‌ನ್ನೂ ಒಮ್ಮೆ ಪರೀಕ್ಷಿಸಿ. ಟಿಸಿಎಸ್, ತೇಜಸ್ ಮತ್ತು ಸಿ-ಡಾಟ್ ಸೇರಿ ಇಲ್ಲಿಯೇ ರೂಪಿಸಿದ 4ಜಿ ಉಪಕರಣಗಳನ್ನು ಅದು ಹಾಕಿಕೊಂಡಿದೆ. 2025ರ ಸೆಪ್ಟೆಂಬರಿನಲ್ಲಿ ಅಂತಹ ಸುಮಾರು 97,500 ಟವರುಗಳ ಉದ್ಘಾಟನೆಯಾಯಿತು. ನಿಮ್ಮೂರಿನ ಟವರ್ ಅದರಲ್ಲಿ ಸೇರಿದೆಯೇ ಎಂಬುದನ್ನು ಸ್ನೇಹಿತರ ಸಿಮ್ ಹಾಕಿ ನೋಡಿದರೆ ಗೊತ್ತಾಗುತ್ತದೆ.

ಅಳಿಯಂದಿರ ಮಾತಿಗೆ ಬರೋಣ. ಉಪಗ್ರಹದ ಇಂಟರ್‌ನೆಟ್ ಪೊಳ್ಳು ಮಾತಲ್ಲ. ಹಳೆಯ ಬಗೆಯ ಉಪಗ್ರಹ 35,786 ಕಿಲೊಮೀಟರ್ ಎತ್ತರದಲ್ಲಿತ್ತು, ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಹಿಡಿಯುತ್ತಿತ್ತು. ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು 550 ಕಿಲೊಮೀಟರ್ ಎತ್ತರದಲ್ಲಿ ಹಾರುವುದರಿಂದ ಆ ತಡ ಇಲ್ಲ. ಆ ಕಂಪನಿಗೆ 2025ರ ಜೂನ್‌ನಲ್ಲಿ ಭಾರತದ ಪರವಾನಗಿಯೂ ಸಿಕ್ಕಿತು. ಆದರೆ ಅದು ಬಿಳಿಗಿರಿರಂಗನ ಬೆಟ್ಟದ ಗಿರಿಜನರ ಹಾಡಿಗಳಿಗೆ, ಟವರೂ ತಂತಿಯೂ ತಲುಪದ ಕಡೆಗೆ ಹೇಳಿ ಮಾಡಿಸಿದ್ದು. ಡಿಟಿಎಚ್ ತಟ್ಟೆಗೆ ಆಕಾಶದ ಒಂದು ಮೂಲೆ ಕಂಡರೆ ಸಾಕು. ಇದಕ್ಕೆ ಓಡಾಡುವ ಉಪಗ್ರಹಗಳನ್ನು ಹಿಂಬಾಲಿಸಬೇಕಾದ್ದರಿಂದ ಬಹುಪಾಲು ಆಕಾಶವೇ ತೆರೆದಿರಬೇಕು. ಮತ್ತೆ ನಿಮ್ಮ ತೆಂಗಿನ ಮರಗಳೇ ಅಡ್ಡ. ಜಡಿಮಳೆಗೆ ಡಿಟಿಎಚ್ ಹೋಗುವ ಹಾಗೆ ಇದೂ ಸೊರಗುತ್ತದೆ. ಅರ್ಧ ಕಿಲೊಮೀಟರ್ ಆಚೆ ಫೈಬರ್ ಇರುವಾಗ ಆಕಾಶಕ್ಕೆ ಏಣಿ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

6ಜಿಗೆ ಕಾಯುವುದು ಇನ್ನೂ ವ್ಯರ್ಥ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಅದಕ್ಕೆ ಇಟ್ಟಿರುವ ಹೆಸರಿನಲ್ಲೇ 2030 ಎಂಬ ಸಂಖ್ಯೆಯಿದೆ. ಅದು ಮೊದಲು ಬರುವುದು ನಗರಗಳಿಗೆ. ಅದಕ್ಕೆ ಚರ್ಚೆಯಲ್ಲಿರುವ ಹೊಸ ತರಂಗಾಂತರಗಳು 5ಜಿಯ ಆ 3300 ಮೆಗಾಹರ್ಟ್ಸ್‌ಗಿಂತ ಮೇಲಿನವು, ಅಂದರೆ ಅಲೆ ಇನ್ನೂ ಗಿಡ್ಡ, ಕಬ್ಬಿನ ಕಾಟ ಇನ್ನೂ ಹೆಚ್ಚು. ಒಂದು ವಿಷಯ ಮಾತ್ರ ಗಮನಿಸಿ. ಈ ಸಲ ಸಿಡಿಎಂಎ, ಜಿಎಸ್‌ಎಂ ಎಂಬಂತೆ ಎರಡು ಪಾಳೆಯಗಳಿಲ್ಲ. 4ಜಿಯಿಂದ ಈಚೆಗೆ ಜಗತ್ತೆಲ್ಲ ಒಂದೇ ಮನೆತನದ ಮಾನದಂಡಕ್ಕೆ ಬಂದು ನಿಂತಿದೆ. ಇವತ್ತು ಯಾವ ಅಂಗಡಿಯಲ್ಲಿ 5ಜಿ ಫೋನು ಕೊಂಡರೂ ಅದು ಬಹುಮಟ್ಟಿಗೆ ಯಾವ ಕಂಪನಿಯಲ್ಲಾದರೂ ನಡೆಯುತ್ತದೆ. ಫೋನಿನ ವಿಷಯದಲ್ಲಿ ನಿಮ್ಮ ಹಳೆಯ ಭಯ ಬೇಡ.

ಪಕ್ಕದ ಜಮೀನಿನ ಟವರ್ ಬರಲಿ ಎನ್ನುತ್ತೇನೆ. ಮೊಬೈಲ್ ಅಲೆಗಳಿಗೆ ದೇಹದೊಳಗಿನ ಅಣುಗಳ ಬಂಧವನ್ನು ಮುರಿಯುವ ಶಕ್ತಿಯಿಲ್ಲ. ಹೆಚ್ಚಾದರೆ ಬಿಸಿ ಮಾಡುತ್ತವೆ, ಮಿತಿಗಳನ್ನು ಅದಕ್ಕಾಗಿಯೇ ಇಟ್ಟಿದ್ದಾರೆ. ಭಾರತ 2012ರ ಸೆಪ್ಟೆಂಬರಿನಲ್ಲಿ ಟವರುಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2011ರಲ್ಲಿ ಇಂತಹ ಅಲೆಗಳನ್ನು 2ಬಿ, ಅಂದರೆ ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳವು, ಎಂಬ ಪಟ್ಟಿಗೆ ಹಾಕಿದ್ದು ನಿಜ. ಅದೇ ಪಟ್ಟಿಯಲ್ಲಿ ಏಷ್ಯಾದ ಕೆಲವು ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಗಳೂ ಇವೆ. ಪಟ್ಟಿ ಹೇಳುವುದು ಸಾಕ್ಷ್ಯ ಸೀಮಿತವಾಗಿದೆ, ಇನ್ನೂ ನೋಡಬೇಕು ಎಂದು. ಜನಕ್ಕೆ ಹೊಳೆಯದ ಸಂಗತಿ ಇನ್ನೊಂದಿದೆ. ಟವರ್ ದೂರವಾದಷ್ಟೂ ಫೋನು ತನ್ನ ದನಿಯನ್ನು ಏರಿಸಿಕೊಳ್ಳುತ್ತದೆ. ಮಗುವನ್ನು ತೊಡೆಯ ಮೇಲಿಟ್ಟುಕೊಂಡು −115ರ ಸಿಗ್ನಲ್‌ನಲ್ಲಿ ಗಂಟೆಗಟ್ಟಲೆ ಮಾತಾಡುವ ಫೋನಿಗಿಂತ, ಹತ್ತಿರದ ಟವರಿಗೆ ಮೆಲ್ಲಗೆ ಮಾತಾಡುವ ಫೋನು ಮೇಲು. ಟವರ್ ನಿಮ್ಮ ಜಮೀನಿನಲ್ಲೇ ಹಾಕುತ್ತೇವೆ, ಮುಂಗಡ ತೆರಿಗೆ ಕಟ್ಟಿ ಎಂದು ಯಾರಾದರೂ ಕರೆ ಮಾಡಿದರೆ ಮಾತ್ರ ಫೋನು ಇಟ್ಟುಬಿಡಿ. ಬಾಡಿಗೆ ಕೊಡಬೇಕಾದವರು ಹಣ ಕೇಳುವುದಿಲ್ಲ. ಮಳವಳ್ಳಿ ಕಡೆಯ ನನ್ನ ಪರಿಚಿತರೊಬ್ಬರು ಹಾಗೆ ಎರಡು ಹಸುವಿನ ದುಡ್ಡು ಕಳೆದುಕೊಂಡರು.

ಇನ್ನು ಪಂಪ್‌ಸೆಟ್ಟಿನ ಸ್ಟಾರ್ಟರ್. ಅಂಗಡಿಯವನ ಮಾತಿನಲ್ಲಿ ಅರ್ಧ ಸತ್ಯವಿದೆ. ಹಳೆಯ ಸ್ಟಾರ್ಟರುಗಳು 2ಜಿ ಮಾತ್ರ ಬಲ್ಲವು. ಆದ್ದರಿಂದಲೇ ಜಿಯೊ ಸಿಮ್ ಅವುಗಳಲ್ಲಿ ನಡೆಯುವುದಿಲ್ಲ, ಆ ಕಂಪನಿಗೆ 2ಜಿ ಜಾಲವೇ ಇಲ್ಲ. ಸಿಂಗಪುರ 2017ರಲ್ಲೇ 2ಜಿಯನ್ನು ಮುಚ್ಚಿತು. ನಮ್ಮಲ್ಲಿ ಬಟನ್ ಫೋನಿನವರು ಕೋಟಿಗಟ್ಟಲೆ ಇರುವುದರಿಂದ ಅದು ಇನ್ನೂ ಉಸಿರಾಡುತ್ತಿದೆ. ಏರ್‌ಟೆಲ್ ತನ್ನ 3ಜಿಯನ್ನು ಮೊದಲು ಮುಚ್ಚಿ 2ಜಿಯನ್ನು ಉಳಿಸಿಕೊಂಡಿತು, ಅಣ್ಣನಿಗಿಂತ ಮೊದಲು ತಮ್ಮನೇ ಹೋದ. ಹಾಗಾಗಿ ಕೆಲಸ ಮಾಡುತ್ತಿರುವ ಸ್ಟಾರ್ಟರನ್ನು ಕಿತ್ತು ಬಿಸಾಡಬೇಡಿ. ಕೆಟ್ಟ ದಿನ ಹೊಸದು ತರುವಾಗ 4ಜಿಯಲ್ಲೂ ನಡೆಯುವುದನ್ನೇ ಕೇಳಿ ತನ್ನಿ. ಈಗಿನದು ಒಮ್ಮೆಗೇ ನಿಂತರೆ 2ಜಿ ಸತ್ತಿತೆಂದು ಗಾಬರಿಯಾಗುವ ಮೊದಲು ಆ ಸಿಮ್‌ನ ರೀಚಾರ್ಜ್ ಮುಗಿದಿದೆಯೇ ನೋಡಿ. ಸ್ಟಾರ್ಟರ್ ಕೆಟ್ಟಿತೆಂದು ನನ್ನನ್ನು ಗದ್ದೆಯವರೆಗೆ ಕರೆಸಿಕೊಂಡವರಲ್ಲಿ ಹೆಚ್ಚಿನವರ ಮನೆಯಲ್ಲಿ ಆಗಿದ್ದು ಅಷ್ಟೇ.